ಅಪ್‌ಡೇಟ್: ಪಾಳುಬಿದ್ದಿದ್ದ ಹಿತ್ತಲಿನಲ್ಲಿ ಹರಿವೆ ಸೊಪ್ಪು ಕೊಯ್ದೆವು

ಮೈಸೂರಿನ ನಮ್ಮ ಹಿತ್ತಲಿನಲ್ಲಿ ಪಾರ್ಥೇನಿಯಂ, ಜೇಕು ಕಳೆಗಳು ತುಂಬಿವೆ, ತರಕಾರಿ ಬೆಳೆಯಲು ಎಲ್ಲಿಂದ ಆರಂಭಿಸಲಿ ಎಂದು ಕೇಳಿದ್ದೆನಲ್ಲ, ಅದರ ಮುಂದಿನ ಕಥೆ ಇದು.

“ಮಳೆ ಬಿದ್ದ ಮರುದಿನ, ಹೂ ಬಿಡುವ ಮೊದಲೇ, ಕೈಗವಸು ಹಾಕಿಕೊಂಡು ಕೀಳಿ” ಎಂದವರ ಮಾತು ಪಾರ್ಥೇನಿಯಂ ವಿಷಯದಲ್ಲಿ ಪೂರ್ತಿ ಫಲಿಸಿತು. ಹಸಿ ಮಣ್ಣಿನಿಂದ ಬೇರುಸಹಿತ ಸಲೀಸಾಗಿ ಬಂತು. ಹೂವಿಲ್ಲದ ಗಿಡಗಳನ್ನೆಲ್ಲ ಗೊಬ್ಬರದ ಗುಂಡಿಗೇ ಹಾಕಿದೆವು.

ಜೇಕು ಮಾತ್ರ ಹಟಮಾರಿ. ರಟ್ಟು ಹಾಸಿ ಮುಚ್ಚುವ ಸಲಹೆ ಉಳಿದ ಹುಲ್ಲಿನ ಮಟ್ಟಿಗೆ ಫಲಿಸಿತು. ಜೇಕಿನ ಚೂಪು ಮೊಳಕೆ ಒದ್ದೆ ರಟ್ಟನ್ನೇ ತೂರಿಕೊಂಡು ಮೇಲೆದ್ದಿತು. ಉಪ್ಪು ಎರಚುವ ಸಲಹೆಯನ್ನು ನಾನು ಪಾಲಿಸಲಿಲ್ಲ, ನೀವೂ ಪಾಲಿಸಬೇಡಿ, ತರಕಾರಿಗೆ ಬೇಕಾದ ಮಣ್ಣೇ ಕೆಡುತ್ತದೆ. ಕೊನೆಗೆ ಕೆಲಸಕ್ಕೆ ಬಂದದ್ದು ಗುದ್ದಲಿಯ ಬದಲು ಮುಳ್ಳುಗುದ್ದಲಿ ಹಿಡಿದು, ದಾರದಂಥ ಬೇರನ್ನು ಹಿಂಬಾಲಿಸುತ್ತ ಗಡ್ಡೆಗಳನ್ನು ಆಯುವ ವಿಧಾನ. ಬೇರಿನಲ್ಲಿ ಪೋಣಿಸಿದಂತಿರುವ ಗಡ್ಡೆಗಳ ಸರಪಳಿ ಗುದ್ದಲಿಯ ಏಟಿಗೆ ತುಂಡಾದರೆ ಒಂದೊಂದು ಗಡ್ಡೆಯೂ ಹೊಸ ಗಿಡವಾಗುತ್ತದೆ. ಈಗಲೂ ಅಲ್ಲಲ್ಲಿ ಚಿಗುರುತ್ತಿದೆ, ಕಂಡ ಕೂಡಲೇ ಕೀಳುತ್ತಿದ್ದೇವೆ.

ಅಚ್ಚರಿಯೆಂದರೆ, ಬೇಲಿಯಂಚಿನ ಪಾರ್ಥೇನಿಯಂ ಎಲೆಗಳನ್ನು ಗೆರೆಗೆರೆಯ ಪುಟ್ಟ ದುಂಬಿಗಳು ಮೇಯುತ್ತಿದ್ದವು. ಈ ಕಳೆಯ ಹತೋಟಿಗೆಂದೇ ಮೆಕ್ಸಿಕೋದಿಂದ ತರಿಸಿ 1984ರಲ್ಲಿ ಬೆಂಗಳೂರಿನಲ್ಲಿ ಬಿಟ್ಟ ಜಾತಿಯಂತೆ! ದಯವಿಟ್ಟು ಅವಕ್ಕೆ ಔಷಧಿ ಹೊಡೆಯಬೇಡಿ.

ಕೊಟ್ಟಿಗೆ ಗೊಬ್ಬರ ಬೆರೆಸಿದ ಮಡಿಯಲ್ಲಿ ಹರಿವೆ ಕೊಯ್ಲಿಗೆ ಬಂದಿದೆ, ಅಲಸಂದೆ ಬಳ್ಳಿ ಹಬ್ಬುತ್ತಿದೆ. ಬೆಂಡೆಗೆ ಹೇನು ಹತ್ತಿದೆ; ಸದ್ಯ ಬೇವಿನೆಣ್ಣೆಗೆ ಸೋಪಿನ ನೀರು ಬೆರೆಸಿ ಸಿಂಪಡಿಸುತ್ತಿದ್ದೇನೆ.