ಅಪ್ಪನ ಹಳೇ ಕ್ರಿಕೆಟ್ ಕ್ಯಾಸೆಟ್‌ಗಳಿಂದ ಮನೇಲೇ ಹೈಲೈಟ್ಸ್ ಮಾಡೋದ್ ಹೆಂಗೆ? ಎಡಿಟರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ, ಮಂಡ್ಯದಿಂದ:

ನಮಸ್ಕಾರ ಸಾರ್, ನೀವು ಮೈಸೂರಲ್ಲಿ ವಿಡಿಯೋ ಎಡಿಟಿಂಗ್ ಮಾಡ್ತೀರ ಅಂತ ಗ್ರೂಪಲ್ಲಿ ನೋಡಿ ಕೇಳ್ತಿದೀನಿ. ನಮ್ಮಪ್ಪ ತೊಂಬತ್ತರ ದಶಕದಲ್ಲಿ ಟಿವಿಯಿಂದ ರೆಕಾರ್ಡ್ ಮಾಡಿಟ್ಟಿದ್ದ ವಿಎಚ್‌ಎಸ್ ಕ್ಯಾಸೆಟ್ 11 ಇದಾವೆ, ಬೀರು ಮೇಲೆ ರಟ್ಟಿನ ಡಬ್ಬದಲ್ಲಿ ಬಿದ್ದಿದ್ವು, ಅದ್ರಲ್ಲಿ 96ರ ಬೆಂಗಳೂರಿನ ಟೈಟಾನ್ ಕಪ್ ಮ್ಯಾಚೂ ಇದೆ, ನಮ್ ಶ್ರೀನಾಥು ಕುಂಬ್ಳೆ ಗೆಲ್ಸಿದ್ದು. ಅಪ್ಪಂಗೆ ಈಗ 74, ಪೂರ್ತಿ ಮ್ಯಾಚ್ ಕೂತು ನೋಡೋ ಶಕ್ತಿ ಇಲ್ಲ, ಒಂದ್ ಅರ್ಧ ಗಂಟೆ ಹೈಲೈಟ್ಸ್ ಮಾಡಿ ದೀಪಾವಳಿಗೆ ಟಿವೀಲಿ ಹಾಕಿ ತೋರಿಸ್ಬೇಕು ಅಂತ ಆಸೆ. ಪಕ್ಕದ್ಮನೆಯವ್ರ ವಿಸಿಆರ್ ಇನ್ನೂ ಓಡ್ತದೆ. ವಿಸಿಆರ್ ಚಿತ್ರಾನ ಕಂಪ್ಯೂಟರ್‌ಗೆ ಇಳಿಸೋ ಒಂದು ಯುಎಸ್‌ಬಿ ಕ್ಯಾಪ್ಚರ್ ಸಾಧನ ತರ್ಸಿ ಲ್ಯಾಪ್‌ಟಾಪ್‌ಗೆ ಹಾಕ್ದೆ, ಬೌಲರ್ ಓಡಿ ಬರುವಾಗ ಬಾಚಣಿಗೆ ಹಲ್ಲು ತರ ಗೆರೆ ಗೆರೆ ಬತ್ತದೆ, ಎಲ್ಲಾರೂ ದಪ್ಪಗೆ ಕಾಣ್ತಾರೆ, ಒಂದ್ ಗಂಟೆ ಆದ್ಮೇಲೆ ಬಾಲು ಬ್ಯಾಟಿಗೆ ತಗುಲಿ ಆಮೇಲೆ ಸೌಂಡು ಕೇಳ್ತದೆ. ಇನ್ನು ಯಾವ್ದು ಇಟ್ಕೋಬೇಕು ಯಾವ್ದು ಬಿಡ್ಬೇಕು ಅಂತಾನೂ ತಿಳೀತಿಲ್ಲ, ಫೋರು ಸಿಕ್ಸು ವಿಕೆಟ್ಟು ಜೋಡ್ಸಿದ್ರೆ ಸಾಕಾ?

ಉತ್ತರ:

ನಮಸ್ಕಾರ. ಫಸ್ಟು ಒಂದ್ ಮಾತು, ಕ್ಯಾಸೆಟ್‌ನ ಮತ್ತೆ ಮತ್ತೆ ಹಾಕಿ ಟೆಸ್ಟ್ ಮಾಡ್ಬೇಡಿ. ಸುಮಾರು ಮೂವತ್ತು ವರ್ಷದ ಟೇಪು ಅದು, ಪ್ರತಿ ಸಲ ಓಡಿದಾಗ್ಲೂ ಸ್ವಲ್ಪ ಸವೀತದೆ. ಮುಖ್ಯವಲ್ಲದ ಒಂದು ಕ್ಯಾಸೆಟ್ ಇಟ್ಕೊಂಡು ಸೆಟ್ಟಿಂಗ್ ಎಲ್ಲಾ ಸರಿ ಮಾಡ್ಕೊಳ್ಳಿ, ಅದಾದ್ಮೇಲೇ 96ರ ಟೇಪ್ ಮುಟ್ಟಿ. ಹಾಕೋ ಮುಂಚೆ ಕ್ಯಾಸೆಟ್ ಕಿಟಕಿ ಒಳಗೆ ಟಾರ್ಚ್ ಬಿಟ್ಟು ನೋಡಿ, ಸುರುಳಿ ಅಂಚಲ್ಲಿ ಬಿಳೀ ಪುಡಿ ತರ ಕಂಡ್ರೆ ಅದು ಬೂಷ್ಟು, ಅಂಥದ್ದನ್ನ ವಿಸಿಆರ್‌ಗೆ ಹಾಕಿದ್ರೆ ಟೇಪ್ ಓದೋ ಹೆಡ್ಡಿಗೂ ಅಂಟಿ ಮುಂದೆ ಹಾಕೋ ಕ್ಯಾಸೆಟ್‌ಗೂ ಹರಡ್ತದೆ. ಚೆನ್ನಾಗಿರೋ ಕ್ಯಾಸೆಟ್‌ನ ಒಂದ್ಸಲ ಕೊನೇವರ್ಗೂ ಓಡ್ಸಿ ವಾಪಸ್ ಸುತ್ತಿ, ವರ್ಷಗಟ್ಟಲೆ ಒಂದೇ ಕಡೆ ಇದ್ದ ಟೇಪಿನ ಬಿಗಿ ಸಮ ಆಗ್ತದೆ. ಹೆಡ್ ಕ್ಲೀನ್ ಮಾಡೋದಾದ್ರೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಿಳೀ ಹಾಳೆ ಚೂರನ್ನ ಹೆಡ್ ಕೂತಿರೋ ಗುಂಡನೆ ಡ್ರಮ್ಮಿಗೆ ಒತ್ತಿಟ್ಟು ಡ್ರಮ್ಮನ್ನೇ ಅಡ್ಡಡ್ಡ ನಿಧಾನಕ್ಕೆ ತಿರುಗಿಸಿ, ಮೇಲೆ ಕೆಳಗೆ ಉಜ್ಜಬೇಡಿ, ಹತ್ತಿ ಕಡ್ಡಿ ಬೇಡವೇ ಬೇಡ, ಎಳೆ ಸಿಕ್ಕೊಂಡ್ರೆ ಹೆಡ್ಡೇ ಹೋಗ್ತದೆ.

ಗೆರೆ ಬರೋದು ಟೇಪಿನ ತಪ್ಪಲ್ಲ. ನಮ್ಮ ಹಳೇ ಟಿವಿ ಪ್ಯಾಲ್ ಪದ್ಧತಿ, ಸೆಕೆಂಡಿಗೆ 25 ಫ್ರೇಮು, ಆದ್ರೆ ಒಂದೊಂದು ಫ್ರೇಮೂ ಎರಡು ಅರ್ಧ ಚಿತ್ರ, ಬೆಸ ಗೆರೆ ಒಂದ್ಸಲ ಸಮ ಗೆರೆ ಒಂದ್ಸಲ, ಅಂದ್ರೆ ಸೆಕೆಂಡಿಗೆ 50 ಅರ್ಧ ಚಿತ್ರ. ಹಳೇ ಡಬ್ಬ ಟಿವಿ ಅದನ್ನ ಹಂಗೇ ತೋರಿಸ್ತಿತ್ತು, ಲ್ಯಾಪ್‌ಟಾಪ್ ಎರಡನ್ನೂ ಒಟ್ಟಿಗೆ ತೋರಿಸಿದಾಗ ಓಡೋ ಮನುಷ್ಯ ಎರಡು ಕಡೆ ಇರ್ತಾನೆ, ಅದೇ ನಿಮ್ಮ ಬಾಚಣಿಗೆ. ಇದಕ್ಕೆ ಡಿಇಂಟರ್‌ಲೇಸ್ ಮಾಡ್ಬೇಕು, ಅಂದ್ರೆ ಆ ಅರ್ಧ ಚಿತ್ರಗಳನ್ನ ಬಿಡಿಸಿ ಒಂದೊಂದನ್ನೂ ಪೂರ್ತಿ ಚಿತ್ರ ಮಾಡ್ಬೇಕು. ಓಬಿಎಸ್ ಅಂತ ಫ್ರೀ ರೆಕಾರ್ಡಿಂಗ್ ಸಾಫ್ಟ್‌ವೇರ್ ಹಾಕ್ಕೊಳ್ಳಿ, ಅದ್ರಲ್ಲಿ ಫ್ರೇಮ್ ರೇಟ್ 50, ಸೈಜು 768 ಇಂಟು 576, ಕ್ಯಾಪ್ಚರ್ ಸೋರ್ಸ್ ಮೇಲೆ ರೈಟ್ ಕ್ಲಿಕ್ ಮಾಡಿ ಡಿಇಂಟರ್‌ಲೇಸಿಂಗ್‌ನಲ್ಲಿ ಯಾಡಿಫ್ 2ಎಕ್ಸ್ ಅನ್ನೋದನ್ನ ಆರಿಸಿ. ತುಂಬಾ ಜನ 25ಕ್ಕೇ ಇಟ್ಬಿಡ್ತಾರೆ, ಮದುವೆ ವಿಡಿಯೋಗೆ ನಡೀತದೆ, ಕ್ರಿಕೆಟ್‌ಗೆ ನಡೆಯಲ್ಲ, ಬಾಲಿನ ಓಟ ಅರ್ಧ ಕಳೆದುಹೋಗ್ತದೆ. ದಪ್ಪಗೆ ಕಾಣ್ತಿರೋದು ಹಳೇ ಟಿವಿಯ 4:3 ಅಳತೆ ಚಿತ್ರಾನ ಅಗಲ ಸ್ಕ್ರೀನ್‌ಗೆ ಎಳೆದಿರೋದಕ್ಕೆ, ಎರಡು ಪಕ್ಕ ಕಪ್ಪು ಪಟ್ಟಿ ಇರ್ಲಿ ಬಿಡಿ, ಎಳೀಬೇಡಿ, ಮೇಲೆ ಕೆಳಗೆ ಕತ್ತರಿಸಿ ತುಂಬ್ಸೋಕೂ ಹೋಗ್ಬೇಡಿ, ಸ್ಕೋರ್ ಪಟ್ಟಿ ಅಲ್ಲೇ ಇರೋದು. ತೀರಾ ಕೆಳಗಡೆ ನಾಲ್ಕಾರು ಗೆರೆ ನಡುಗ್ತಾ ಇರ್ತದಲ್ಲ, ಅಷ್ಟು ಮಾತ್ರ ಮುಚ್ಚಿ.

ಸೌಂಡ್ ಹಿಂದೆ ಬೀಳೋದು ಯಾಕಂದ್ರೆ ಹಳೇ ಟೇಪಿನ ಸಿಗ್ನಲ್ ಅಲ್ಲಾಡ್ತಾ ಇರ್ತದೆ, ಕ್ಯಾಪ್ಚರ್ ಸಾಧನ ನಡುನಡುವೆ ಫ್ರೇಮ್ ಬಿಟ್ಬಿಡ್ತದೆ, ಸೌಂಡ್ ಮಾತ್ರ ಪೂರ್ತಿ ಬರ್ತದೆ. ಆಡಿಯೋ ಸ್ಯಾಂಪಲ್ ರೇಟ್ ವಿಂಡೋಸ್‌ನಲ್ಲೂ ಓಬಿಎಸ್‌ನಲ್ಲೂ 48 ಕಿಲೋಹರ್ಟ್ಸ್‌ಗೇ ಇಡಿ, ಇನ್ನೂ ಜಾರಿದ್ರೆ ವಿಸಿಆರ್‌ಗೂ ಕ್ಯಾಪ್ಚರ್‌ಗೂ ಮಧ್ಯೆ ಒಂದು ಹಳೇ ಡಿವಿಡಿ ರೆಕಾರ್ಡರ್ ಇಟ್ಟು ಅದರ ಮೂಲಕ ಸಿಗ್ನಲ್ ಹಾಯಿಸಿ ನೋಡಿ, ಎಷ್ಟೋ ರೆಕಾರ್ಡರ್‌ಗಳು ಅದನ್ನ ನೆಟ್ಟಗೆ ಮಾಡಿ ಕೊಡ್ತವೆ, ಮಂಡ್ಯದಲ್ಲೂ ಹಳೇ ಸ್ಟುಡಿಯೋದವ್ರ ಅಟ್ಟದ ಮೇಲೆ ಇದ್ದೇ ಇರ್ತದೆ ಕೇಳಿ. ಇನ್ನೊಂದು, ರೆಕಾರ್ಡಿಂಗ್ ಎಂಕೆವಿ ಫೈಲಿಗೇ ಮಾಡಿ, ಮಧ್ಯೆ ಕರೆಂಟ್ ಹೋಗಿ ಲ್ಯಾಪ್‌ಟಾಪ್ ಆಫ್ ಆದ್ರೂ ಅಲ್ಲೀತನಕ ಉಳೀತದೆ, ಎಂಪಿ4 ಆದ್ರೆ ಇಡೀ ಫೈಲೇ ತೆರೆಯದೆ ಹೋಗ್ಬಹುದು.

ಈಗ ಯಾವ್ದು ಇಟ್ಕೋಬೇಕು ಅಂದ್ರಲ್ಲ, ಅಸಲು ಕೆಲಸ ಇದೇ. ನಾನು ಕೆಲಸ ಕಲ್ತಿದ್ದು ಎರಡು ಟೇಪ್ ಡೆಕ್ ಪಕ್ಕಪಕ್ಕ ಇಟ್ಕೊಂಡು ಒಂದ್ರಿಂದ ಇನ್ನೊಂದಕ್ಕೆ ಕಾಪಿ ಮಾಡೋ ಕಾಲದಲ್ಲಿ, ಒಂದು ಶಾಟ್ ತಪ್ಪಾಗಿ ಸೇರಿದ್ರೆ ಅಲ್ಲಿಂದ ಮುಂದೆ ಎಲ್ಲಾ ಮತ್ತೆ ಮಾಡ್ಬೇಕಿತ್ತು, ಹಂಗಾಗಿ ಒಂದೊಂದು ಬಾಲು ಯಾಕೆ ಬೇಕು ಅಂತ ಯೋಚ್ನೆ ಮಾಡೋದು ರೂಢಿ ಆಯ್ತು. ಫೋರು ಸಿಕ್ಸು ಮಾತ್ರ ಜೋಡ್ಸಿದ್ರೆ ನಿಮ್ಮ ಮ್ಯಾಚ್ ಸತ್ತೋಗ್ತದೆ. ನೆನಪು ಮಾಡ್ಕೊಳ್ಳಿ, 1996ರ ಅಕ್ಟೋಬರ್ 21, ಚಿನ್ನಸ್ವಾಮಿ ಸ್ಟೇಡಿಯಂ, ಆಸ್ಟ್ರೇಲಿಯಾ 215, ಮಾರ್ಕ್ ಟೇಲರ್ 105. ಸಚಿನ್ 88ಕ್ಕೆ ಔಟ್ ಆದಾಗ ನಮ್ಮದು 164ಕ್ಕೆ 8, ಇನ್ನೂ 52 ಬೇಕು. ಅಲ್ಲಿಂದ ಶ್ರೀನಾಥ್ 30, ಕುಂಬ್ಳೆ 16, ಇಬ್ರೂ ನಾಟೌಟು, ಎರಡು ವಿಕೆಟ್‌ನಿಂದ ಗೆದ್ವಿ. ಆ 52 ರನ್ನಲ್ಲಿ ಎಷ್ಟೋ ಭಾಗ ಒಂದೊಂದು ಎರಡೆರಡು ರನ್ನು, ಸುಮ್ನೆ ತಡೆದ ಬಾಲು, ಓಡ್ಬೇಕಾ ಬೇಡ್ವಾ ಅಂತ ಮಧ್ಯದಲ್ಲಿ ನಿಂತು ಕೂಗಾಡಿದ್ದು. ಬೌಂಡರಿ ಮಾತ್ರ ಆರಿಸಿದ್ರೆ ಆ ಜೊತೆಯಾಟ ಒಂದು ನಿಮಿಷದಲ್ಲಿ ಮುಗ್ದು ಅಪ್ಪಂಗೆ ಏನೂ ಅನ್ಸಲ್ಲ.

ಲೆಕ್ಕ ಹಾಕಿ, ಅರ್ಧ ಗಂಟೆ ಅಂದ್ರೆ 1800 ಸೆಕೆಂಡು. ಬೌಲರ್ ಓಟ ಶುರು ಆದಲ್ಲಿಂದ ಬಾಲು ಫೀಲ್ಡರ್ ಕೈಗೆ ಬಂದು ಜನರ ಕೂಗು ಇಳಿಯೋವರ್ಗೂ ಸುಮಾರು 12 ಸೆಕೆಂಡ್ ಬೇಕು, ರಿಪ್ಲೇ ಎಲ್ಲಾ ಸೇರಿದ್ರೆ ನೂರು ನೂರಹತ್ತು ಬಾಲು ಹಿಡೀತದೆ. ನಾನಾದ್ರೆ ಆಸ್ಟ್ರೇಲಿಯಾ ಇನ್ನಿಂಗ್ಸ್ ಆರೇಳು ನಿಮಿಷದಲ್ಲಿ ಮುಗಿಸ್ತೀನಿ, ಸಚಿನ್ ಆಟಕ್ಕೆ ಹತ್ತು, ಉಳಿದಿದ್ದೆಲ್ಲಾ ಆ ಕೊನೇ ಜೊತೆಯಾಟಕ್ಕೆ. ಸ್ಟ್ಯಾಂಡಲ್ಲಿ ಕೂತಿದ್ದ ಶ್ರೀನಾಥ್, ಕುಂಬ್ಳೆ ಮನೆಯವ್ರ ಕಡೆ ಕ್ಯಾಮೆರಾ ತಿರುಗಿರೋದು ನಿಮ್ಮ ಟೇಪಲ್ಲಿ ಸಿಕ್ರೆ ಒಂದು ಸೆಕೆಂಡೂ ಕತ್ತರಿಸ್ಬೇಡಿ. ಸ್ಕೋರ್ ಪಟ್ಟಿ ಕಾಣೋ ಶಾಟು ಆಗಾಗ ಬರ್ತಿರ್ಲಿ, ಎಷ್ಟು ಬೇಕು ಅನ್ನೋದು ಗೊತ್ತಿಲ್ದೆ ಹೋದ್ರೆ ಎದೆ ಬಡ್ಕೊಳ್ಳಲ್ಲ.

ಒಂದು ನೋಟ್‌ಬುಕ್ ತಗೊಳ್ಳಿ, ಒಂದ್ಸಲ ಪೂರ್ತಿ ನೋಡ್ತಾ ಟೈಮು, ಓವರು, ಏನಾಯ್ತು ಅಂತ ಬರ್ಕೊಳ್ಳಿ, ಆಮೇಲೇ ಶಾಟ್‌ಕಟ್ ಅಥ್ವಾ ಕೆಡಿಎನ್‌ಲೈವ್ ಅನ್ನೋ ಎಡಿಟಿಂಗ್ ಸಾಫ್ಟ್‌ವೇರ್ ತೆಗೀರಿ, ಎರಡೂ ಫ್ರೀ, ಹಳೇ ಲ್ಯಾಪ್‌ಟಾಪ್‌ಗೆ ಶಾಟ್‌ಕಟ್ ವಾಸಿ. ಕಾಮೆಂಟರಿ ವಾಕ್ಯದ ನಡುವೆ ಕತ್ತರಿ ಹಾಕ್ಬೇಡಿ, ಚಿತ್ರ ಕಟ್ ಆದ್ರೂ ಜನರ ಗದ್ದಲ ಮುಂದಿನ ಶಾಟಿನ ಮೇಲೆ ಒಂದ್ ಸೆಕೆಂಡ್ ಹರೀಲಿ, ಜೋಡಣೆ ಗೊತ್ತೇ ಆಗಲ್ಲ. ಮೇಲೆ ಮ್ಯೂಸಿಕ್ ಹಾಕೋದು ದಯವಿಟ್ಟು ಬೇಡ, ಆ ಸ್ಟೇಡಿಯಂ ಸದ್ದಿಗಿಂತ ದೊಡ್ಡ ಮ್ಯೂಸಿಕ್ ಯಾವ್ದಿದೆ ಹೇಳಿ.

ಇನ್ನೊಬ್ಬರ ಪ್ರಶ್ನೆ, ಮೈಸೂರು ಸರಸ್ವತಿಪುರಂನಿಂದ:

ಸರ್ ನಮ್ಮತ್ರ 1999ರ ಪಾಕಿಸ್ತಾನದ ಮೇಲಿನ ದೆಹಲಿ ಕೋಟ್ಲಾ ಟೆಸ್ಟ್ ಇದೆ, ಕುಂಬ್ಳೆ 10 ವಿಕೆಟ್. ಹತ್ತನ್ನೂ ಜೋಡಿಸ್ದೆ, ಮೂರೇ ನಿಮಿಷ ಆಯ್ತು, ನೋಡಿದ್ರೆ ಏನೋ ಕಮ್ಮಿ ಅನ್ಸುತ್ತೆ.

ಉತ್ತರ:

ಕಮ್ಮಿ ಆಗಿರೋದು ಎರಡು. ಒಂದು, ಪಾಕಿಸ್ತಾನ 420 ಬೆನ್ನಟ್ಟುವಾಗ ವಿಕೆಟ್ಟೇ ಬೀಳದೆ 101 ಹೊಡೆದಿದ್ರು, ಅನ್ವರ್, ಅಫ್ರಿದಿ ಇಬ್ರ ಆ ಆಟ ಒಂದೆರಡು ನಿಮಿಷ ತೋರಿಸ್ದೇ ಇದ್ರೆ ಮೊದಲ ವಿಕೆಟ್ ಬಿದ್ದಾಗ ಉಸಿರು ಬಿಡೋಕೆ ಏನೂ ಇರಲ್ಲ. ಎರಡನೇದು ನಮ್ಮೂರಿನ ಹುಡುಗನ ಓವರ್ರು. ಒಂಬತ್ತು ವಿಕೆಟ್ ಆದ್ಮೇಲೆ ಹತ್ತನೇದು ಕುಂಬ್ಳೆಗೇ ಸಿಗ್ಲಿ ಅಂತ ಶ್ರೀನಾಥ್ ಸ್ಟಂಪಿಂದ ದೂರ ದೂರ ಬಾಲ್ ಹಾಕಿದ್ರಲ್ಲ, ಅದ್ರಲ್ಲಿ ವಿಕೆಟ್ಟೂ ಇಲ್ಲ ರನ್ನಿನ ಸಂಭ್ರಮವೂ ಇಲ್ಲ, ಆದ್ರೆ ಆ ದಿನದ ಅರ್ಧ ಕಥೆ ಅಲ್ಲಿದೆ. ಆ ಓವರ್ ಪೂರ್ತಿ ಇಡಿ, ಒಂದು ಬಾಲೂ ತೆಗೀಬೇಡಿ, ಆಮೇಲೆ ಅಕ್ರಮ್ ವಿಕೆಟ್, ಲಕ್ಷ್ಮಣ್ ಹಿಡಿದ ಕ್ಯಾಚು. 26.3 ಓವರ್, 74 ರನ್, 10 ವಿಕೆಟ್ ಅಂತ ಕೊನೇಲಿ ಒಂದು ಕಾರ್ಡ್ ಹಾಕಿ.

ಇನ್ನೊಂದು ಪ್ರಶ್ನೆ, ಶ್ರೀರಂಗಪಟ್ಟಣದಿಂದ:

ಸೆಟ್ ಟಾಪ್ ಬಾಕ್ಸಲ್ಲಿ ಪೆನ್‌ಡ್ರೈವ್‌ಗೆ ರೆಕಾರ್ಡ್ ಮಾಡಿರೋ ಮ್ಯಾಚ್ ಲ್ಯಾಪ್‌ಟಾಪಲ್ಲಿ ಓಪನ್ ಆಗ್ತಿಲ್ಲ, ಏನಾದ್ರೂ ದಾರಿ ಇದ್ಯಾ? ಮಾಡಿದ ಹೈಲೈಟ್ಸ್ ಯೂಟ್ಯೂಬ್‌ಗೆ ಹಾಕ್ಬಹುದಾ?

ಉತ್ತರ:

ಆ ಫೈಲು ಸಾಮಾನ್ಯವಾಗಿ ಆ ಬಾಕ್ಸಿಗೇ ಬೀಗ ಹಾಕಿ ಕಟ್ಟಿರ್ತದೆ, ಬೇರೆ ಕಡೆ ತೆರೆಯಲ್ಲ. ಬೀಗ ಒಡೆಯೋ ದಾರಿ ನಾನು ಹೇಳಲ್ಲ, 2012ರ ತಿದ್ದುಪಡಿ ಆದ್ಮೇಲೆ ಕಾಪಿರೈಟ್ ಕಾಯ್ದೆಯ 65ಎ ಸೆಕ್ಷನ್ ಪ್ರಕಾರ ಹಕ್ಕು ಮುರಿಯೋ ಉದ್ದೇಶದಿಂದ ಅಂಥ ಬೀಗ ಒಡೆಯೋದು ಅಪರಾಧ. ನಮ್ಮ ಸ್ವಂತ ಉಪಯೋಗಕ್ಕೆ ಪ್ರಸಾರ ರೆಕಾರ್ಡ್ ಮಾಡ್ಕೊಳ್ಳೋಕೆ 39ನೇ ಸೆಕ್ಷನ್‌ನಲ್ಲಿ ಅವಕಾಶ ಇದೆ, ಅದು ಮನೇಲಿ ನೋಡೋಕೆ. ಯೂಟ್ಯೂಬ್‌ಗೆ ಹಾಕೋದು ಬೇರೆ ಮಾತು, ಚಿತ್ರದ ಹಕ್ಕು ಬೇರೆಯವ್ರದ್ದು, ಹಾಕ್ಬೇಡಿ. ಮನೆಯವ್ರಿಗೆ ಅಂತ ಮಾಡಿದ್ದು ಮನೇಲೇ ಇರ್ಲಿ.

ಮತ್ತೆ ಮಂಡ್ಯದವರು:

ಸಾರ್ ನೀವ್ ಹೇಳ್ದಂಗೆ ಮಾಡ್ದೆ, ಗೆರೆ ಹೋಯ್ತು, ಡಿವಿಡಿ ರೆಕಾರ್ಡರ್ ಸ್ಟುಡಿಯೋದಿಂದ ತಂದೆ, ಸೌಂಡೂ ಸರಿಯಾಯ್ತು. ಆದ್ರೆ ಸಚಿನ್ ಔಟಾದ್ ಮೇಲೆ ಸ್ವಲ್ಪ ಹೊತ್ತಿಗೆ ರೆಕಾರ್ಡಿಂಗ್ ಕಟ್ಟಾಗಿದೆ, ಆಮೇಲೆ ಸೀದಾ ಸ್ಕೋರ್ ಇನ್ನೂರರ ಹತ್ರ. ಅಪ್ಪನ್ನ ಕೇಳಿದ್ರೆ ಅವತ್ತು ಕರೆಂಟ್ ಹೋಗಿತ್ತು ಕಣೋ, ಬೀದಿಯವ್ರೆಲ್ಲಾ ಟ್ರಾನ್ಸಿಸ್ಟರ್ ಸುತ್ತ ನಿಂತಿದ್ವಿ ಅಂದ್ರು. ಆ ಭಾಗ ಇಂಟರ್ನೆಟ್ಟಿಂದ ಹುಡುಕಿ ಸೇರಿಸ್ಲಾ?

ಉತ್ತರ:

ಬೇಡ. ಬೇರೆ ಕಡೆಯ ಚಿತ್ರ ಸೇರಿಸಿದ್ರೆ ಬಣ್ಣ, ಸೌಂಡು ಎರಡೂ ಹೊಂದಲ್ಲ, ಅದಕ್ಕಿಂತ ಹೆಚ್ಚಾಗಿ ಅದು ನಿಮ್ಮನೇಲಿ ನಡೆದಿದ್ದಲ್ಲ. ರೆಕಾರ್ಡಿಂಗ್ ಕಟ್ಟಾದ ಜಾಗದಲ್ಲಿ ಸ್ಕ್ರೀನ್ ಕಪ್ಪಾಗ್ಲಿ. ಅಪ್ಪನ್ನ ಕೂರಿಸ್ಕೊಂಡು ಫ್ಯಾನ್ ಆಫ್ ಮಾಡಿ ಮೊಬೈಲ್ ಅವ್ರ ಬಾಯಿಂದ ಒಂದ್ ಗೇಣು ದೂರ ಇಟ್ಟು ಅವತ್ತಿನ ಕಥೆ ಕೇಳಿ, ಯಾರ ಮನೆ ಟ್ರಾನ್ಸಿಸ್ಟರ್ರು, ಯಾರ್ಯಾರು ನಿಂತಿದ್ರು, ಪೂರ್ತಿ ಹೇಳಕ್ಕೆ ಬಿಡಿ, ಮಧ್ಯ ಬಾಯಿ ಹಾಕ್ಬೇಡಿ. ಅದ್ರಲ್ಲಿ ಒಂದೂವರೆ ನಿಮಿಷ ಆರಿಸಿ ಆ ಕಪ್ಪು ಸ್ಕ್ರೀನ್ ಮೇಲೆ ಹಾಕಿ, ಕೆಳಗೆ ಸ್ಕೋರ್ ಮಾತ್ರ ಬರೀರಿ, ಅವ್ರ ಮಾತು ಮುಗಿಯೋ ಹೊತ್ತಿಗೆ ಟೇಪಿನ ಗದ್ದಲ ನಿಧಾನಕ್ಕೆ ಏರಿ ಚಿತ್ರ ಬರ್ಲಿ. ಅವ್ರಿಗೆ ಯಾಕೆ ಅಂತ ಈಗ್ಲೇ ಹೇಳ್ಬೇಡಿ.

ಕೊನೇ ಫೈಲು ಎಂಪಿ4, ಎಚ್264, 50 ಫ್ರೇಮಿಗೇ ತೆಗೀರಿ. ಹಳೇ ಟಿವಿ ಆದ್ರೆ ಪೆನ್‌ಡ್ರೈವ್ ಎಫ್‌ಎಟಿ32 ಫಾರ್ಮ್ಯಾಟಲ್ಲಿ ಇರ್ಬೇಕಾಗ್ಬಹುದು, ಅದ್ರಲ್ಲಿ ಒಂದು ಫೈಲು 4 ಜಿಬಿ ದಾಟಂಗಿಲ್ಲ, ಅರ್ಧ ಗಂಟೆಗೆ ಅಷ್ಟೇನೂ ಆಗಲ್ಲ. ಹಬ್ಬದ ಹಿಂದಿನ ದಿನಾನೇ ಅದೇ ಟಿವೀಲಿ ಒಂದ್ಸಲ ಹಾಕಿ ನೋಡ್ಕೊಳ್ಳಿ, ಮೂಲ ಫೈಲು ಎರಡು ಕಡೆ ಇಡಿ, ಕ್ಯಾಸೆಟ್ ಬಿಸಾಕ್ಬೇಡಿ, ನಿಲ್ಲಿಸಿ ಜೋಡ್ಸಿ ಒಣ ಜಾಗದಲ್ಲಿಡಿ.

ಮಂಡ್ಯದವರು:

ಇವತ್ ಸಾಯಂಕಾಲ ರೆಕಾರ್ಡ್ ಮಾಡ್ದೆ ಸಾರ್. ಒಂದೂವರೆ ನಿಮಿಷ ಆರಿಸೋದೇ ಕಷ್ಟ ಆಗಿದೆ, ಅಪ್ಪ 40 ನಿಮಿಷ ಮಾತಾಡ್ಬಿಟ್ರು.

ಉತ್ತರ:

ಆ 40 ನಿಮಿಷಾನೂ ಕತ್ತರಿಸ್ದೆ ಬೇರೆ ಫೈಲಾಗಿ ಇಟ್ಕೊಳ್ಳಿ, ಅದನ್ನೂ ಎರಡು ಕಡೆ.