ಮಾಲೂರಿನ ಮಗಳಿಗೆ ದೊಡ್ಡಮ್ಮನ ಉತ್ತರ

ಮಗಳೇ, ನಿನ್ನ ಸಂದೇಶ ಕೇಳಿದಾಗಿನಿಂದ ಕೈಗೆ ಕೆಲಸ ಹತ್ತುತ್ತಿಲ್ಲ. ಯುಕೆಜಿಯಲ್ಲಿರುವ ಮಗ ಇಂಗ್ಲಿಷ್ ವರ್ಣಮಾಲೆಯನ್ನೆಲ್ಲ ಒಪ್ಪಿಸುತ್ತಾನೆ, ‘ಪಿನ್’ ಎಂದು ಬರೆದು ತೋರಿಸಿದರೆ ಮಾತ್ರ ‘ಪಿ, ಐ, ಎನ್’ ಎಂದು ಸುಮ್ಮನಾಗುತ್ತಾನೆ, ದಿನಕ್ಕೆ ಇಪ್ಪತ್ತು ಸ್ಪೆಲ್ಲಿಂಗ್ ಬಾಯಿಪಾಠ ಮಾಡಿಸಲೇ ಎಂದು ಕೇಳಿದ್ದೀಯ. ಬೇಡ. ಬಾಯಿಪಾಠ ಮಾಡಿಸಬೇಡ.

ನಮ್ಮ ದೊಡ್ಡವನ ಕಥೆ ನಿಮಗೆಲ್ಲ ಅರ್ಧ ಗೊತ್ತು. ಕೋಲಾರದ ಹಳೆಯ ಮನೆಯ ಜಗುಲಿಯಲ್ಲಿ ಕೂರಿಸಿಕೊಂಡು ‘ಸಿ ಎ ಟಿ ಕ್ಯಾಟ್’ ಎಂದು ರಾಗವಾಗಿ ಹೇಳಿಸುತ್ತಿದ್ದೆ. ಎರಡನೇ ತರಗತಿಗೆ ಪುಸ್ತಕವನ್ನು ಗಡಗಡನೆ ಓದುತ್ತಿದ್ದ. ಮನೆಗೆ ಬಂದವರ ಮುಂದೆಲ್ಲ ಓದಿಸುತ್ತಿದ್ದೆ. ಒಂದು ದಸರಾ ರಜೆಯಲ್ಲಿ ನಿನ್ನ ತಾತ ಬೆಕ್ಕಿನ ಚಿತ್ರವನ್ನು ಹೆಬ್ಬೆರಳಿನಿಂದ ಮುಚ್ಚಿ, ‘ಈಗ ಓದಪ್ಪ’ ಎಂದರು. ಹುಡುಗನ ಬಾಯಿ ಕಟ್ಟಿಹೋಯಿತು. ‘ಕ್ಯಾಪ್’ ಎಂದು ಬರೆದು ತೋರಿಸಿದರೆ ಅದನ್ನೂ ಕ್ಯಾಟ್ ಎಂದ. ಅಷ್ಟು ದಿನ ಅವನು ಓದಿದ್ದು ಚಿತ್ರವನ್ನು. ನಾನು ಎಲ್ಲರೆದುರು ಅವನ ಬೆನ್ನಿಗೆ ಹೊಡೆದೆ. ಆಮೇಲೆ ಎಷ್ಟೋ ವರ್ಷ ಇಂಗ್ಲಿಷ್ ಪುಸ್ತಕ ತೆಗೆದರೆ ಅವನಿಗೆ ಹೊಟ್ಟೆನೋವು. ನೆಪವಲ್ಲ, ಬೆವರುತ್ತಿದ್ದ. ಕಲಿಸಲು ತಿಳಿಯದವಳು ನಾನು, ಪೆಟ್ಟು ತಿಂದವನು ಅವನು. ಅದಕ್ಕೇ ಮತ್ತೆ ಹೇಳುತ್ತೇನೆ, ಬಾಯಿಪಾಠ ಮಾಡಿಸಬೇಡ, ಕೈ ಎತ್ತಬೇಡ.

ಇದನ್ನೇ ನಿನ್ನ ಚಿಕ್ಕಮ್ಮನಿಗೂ ಹೇಳಿದ್ದೆ. ‘ನಿಮ್ಮ ಕಾಲ ಬೇರೆ ಅಕ್ಕ’ ಎಂದಳು. ಶಾಲೆಯವರು ಮನೆಯಲ್ಲಿ ಕನ್ನಡ ಆಡಬೇಡಿ ಎಂದರಂತೆ, ತಲೆಯಾಡಿಸಿ ಬಂದಳು. ಈಗ ಅವಳ ಮಗು ಫೋನಿನಲ್ಲಿ ನನ್ನೊಡನೆ ಎರಡು ಮಾತೂ ಆಡುವುದಿಲ್ಲ. ಯುಗಾದಿಗೂ ಯಾರೂ ಬರಲಿಲ್ಲ. ಒಬ್ಬಟ್ಟು ಹಾಗೆಯೇ ಉಳಿಯಿತು. ಕನ್ನಡ ಬೇಡವಂತೆ! ಓದಲು ಕಲಿಸುವುದಕ್ಕೆ ಆ ಕನ್ನಡವೇ ಬೇಕು.

ಹಾಂ, ನೀನು ಕೇಳಿದ್ದಕ್ಕೆ ಬರುತ್ತೇನೆ. ನಮ್ಮ ‘ಕ’ಕ್ಕೆ ಹೆಸರೂ ಸದ್ದೂ ಒಂದೇ. ಇಂಗ್ಲಿಷಿನಲ್ಲಿ ಹಾಗಲ್ಲ, ಅಕ್ಷರ 26, ಸದ್ದು ಸುಮಾರು 44. ಎಸ್, ಎ, ಟಿ, ಪಿ, ಐ, ಎನ್, ಈ ಆರರಿಂದ ಶುರು ಮಾಡು. ಸದ್ಯಕ್ಕೆ ಹೆಸರು ಬಿಡು, ಸದ್ದು ಹೇಳಿಸು: ಸ್, ಆ್ಯ, ಟ್, ಪ್, ಇ, ನ್. ‘ಪ’ ಎಂದು ಎಳೆಯಬಾರದು, ಬರಿಯ ‘ಪ್’. ಅದಕ್ಕೆ ಇ ಸೇರಿದರೆ ಪಿ, ಮುಂದೆ ನ್, ಪಿನ್. ನಮ್ಮ ಕಾಗುಣಿತವೇ ಅಲ್ಲವೇ! ಬರೆಯುವಾಗ ಪದವನ್ನು ಸದ್ದು ಸದ್ದಾಗಿ ಬಿಡಿಸಲಿ, ಸದ್ದಿಗೊಂದು ಬೆರಳು ಮಡಿಸಿ, ತಟ್ಟೆಯಲ್ಲಿ ಹರಡಿದ ರಾಗಿಯ ಮೇಲೆ ಬರೆಯಲಿ. ಪಕ್ಕದಲ್ಲಿ ಚಿತ್ರ ಬೇಡ. ‘ಸೆಡ್’ (said), ‘ವಾಸ್’ (was) ಇಂಥವು ಬರೆದಂತೆ ಉಚ್ಚಾರವಾಗುವುದಿಲ್ಲ, ಅವು ಆಮೇಲೆ. ದಿನಕ್ಕೆ ಹತ್ತು ನಿಮಿಷ ಸಾಕು. ಭಾನುವಾರ ಅವನನ್ನು ಕರೆದುಕೊಂಡು ಬಾ, ರಾಗಿ ತಟ್ಟೆ ನಾನೇ ಇಟ್ಟಿರುತ್ತೇನೆ.