ನಂತೂರಿನಲ್ಲಿ ಆಟೋಗೆ ತಾಗಿತು, ಚೀಟಿ ಬಂತು: ಕಟ್ಟಿ ಮುಗಿಸಲಾ, ಕೋರ್ಟಿಗೆ ಹೋಗಲಾ?

ಕದ್ರಿಯ ವ್ಯಾಗನ್‌ಆರ್:
ಸೋಮವಾರ ಬೆಳಿಗ್ಗೆ ಎಂಟೂಮುಕ್ಕಾಲಿಗೆ ಮಂಗಳೂರಿನ ನಂತೂರು ಸರ್ಕಲ್‌ನಲ್ಲಿ ಮುಂದಿದ್ದ ಆಟೋ ಗಕ್ಕಂತ ನಿಂತಿತು. ನಾನೂ ಬ್ರೇಕ್ ಒತ್ತಿದೆ, ಆದರೂ ತಾಗಿತು. ಯಾರಿಗೂ ಗಾಯ ಇಲ್ಲ. ಆಟೋದ ಹಿಂದಿನ ಲೈಟು ಒಡೆಯಿತು, ನನ್ನ ಬಂಪರ್ ಸೀಳಿತು. ಆಟೋದವರಿಗೆ 1,500 ರೂಪಾಯಿ ಕೊಟ್ಟೆ, ಅವರು ಹೋದರು. ಆದರೆ ಅಲ್ಲೇ ಇದ್ದ ಪೊಲೀಸರು ಅಪಾಯಕಾರಿ ಚಾಲನೆ ಅಂತ ಚೀಟಿ ಬರೆದು ಕೈಗಿಟ್ಟರು. ಕಟ್ಟಿ ಮುಗಿಸಲಾ, ಕೋರ್ಟಿಗೆ ಹೋಗಲಾ? ಬಂಪರಿಗೆ ಇನ್ಶೂರೆನ್ಸ್ ಕ್ಲೈಮ್ ಮಾಡಿದರೆ ಲಾಭ ಉಂಟಾ? ಅನುಭವ ಇದ್ದವರು ಹೇಳಿ.

ಕೊಟ್ಟಾರದ ಆಲ್ಟೋ:
ದಂಡ ಕಟ್ಟಿ. ಕ್ಲೈಮ್ ಮಾತ್ರ ಬೇಡವೇ ಬೇಡ. ನನ್ನದು 2022ರ ಜುಲೈ, ಕೊಟ್ಟಾರ ಚೌಕಿ. ಮಳೆಗೆ ಅಲ್ಲಿ ರಸ್ತೆ ಯಾವುದು, ತೋಡು ಯಾವುದು ಗೊತ್ತಾಗುವುದಿಲ್ಲ. ಹಿಂದಿನಿಂದ ಒಂದು ಎಕ್ಸ್‌ಪ್ರೆಸ್ ಬಸ್ಸು ಹಾರ್ನ್ ಹೊಡೆದು ಹೊಡೆದು ತಲೆ ತಿಂದಿತು. ಪಕ್ಕಕ್ಕೆ ಸರಿಯಲು ಹೋಗಿ ಓಮ್ನಿಗೆ ಗುದ್ದಿದೆ. ದಂಡ ಅವತ್ತೇ ಕಟ್ಟಿದೆ, ಅದಕ್ಕೆ ಬೇಜಾರಿಲ್ಲ.
ಬೇಜಾರು ಕ್ಲೈಮಿನದ್ದು. ಬಿಲ್ 7,600: ಬಂಪರ್ 3,400, ಪೇಂಟ್ 3,000, ಕೂಲಿ 1,200. ಝೀರೋ ಡೆಪ್ (ಸವಕಳಿ ಅಂತ ಹಣ ಕಳೆಯದ ಪಾಲಿಸಿ) ಇರಲಿಲ್ಲ. ಪ್ಲಾಸ್ಟಿಕ್ ಅಂತ ಬಂಪರಿನಲ್ಲಿ ಅರ್ಧ, ಅಂದರೆ 1,700 ಹೋಯಿತು. ಪೇಂಟಿನಲ್ಲಿ 375 ಹೋಯಿತು. ಕಡ್ಡಾಯ ಕಡಿತ 1,000. ಕೈಗೆ ಬಂದದ್ದು 4,525.
ಈಗ ಎನ್‌ಸಿಬಿ ನೋಡಿ, ಅಂದರೆ ಕ್ಲೈಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ. ಸ್ವಂತ ಹಾನಿಯ ಪ್ರೀಮಿಯಂ 5,800. ಆ ವರ್ಷ 45 ಪರ್ಸೆಂಟ್ ಸಿಗಬೇಕಿತ್ತು, ಸೊನ್ನೆ ಆಯಿತು: 2,610 ಹೋಯಿತು. ಮುಂದಿನ ವರ್ಷ 50 ಇರಬೇಕಾದಲ್ಲಿ 20: 1,740. ಆಮೇಲೆ 25, 35, 45 ಅಂತ ಮತ್ತೆ ಒಂದೊಂದೇ ಮೆಟ್ಟಿಲು: 1,450, 870, 290. ಕೂಡಿದರೆ 6,960. ನಾಲ್ಕೂವರೆ ಸಾವಿರಕ್ಕೆ ಕೈ ಚಾಚಿ ಏಳು ಸಾವಿರ ಕೊಟ್ಟೆ ಮಾರಾಯ್ರೆ.

ಬೆಳ್ಮಣ್ಣಿನ ಐ20:
ನಿಮ್ಮ ಲೆಕ್ಕ ತಪ್ಪು. ಐಡಿವಿ, ಅಂದರೆ ಇನ್ಶೂರೆನ್ಸಿನಲ್ಲಿ ಕಾರಿಗೆ ಹಾಕುವ ಬೆಲೆ, ವರ್ಷ ವರ್ಷ ಇಳಿಯುತ್ತದೆ. ಐದು ವರ್ಷವೂ ಪ್ರೀಮಿಯಂ 5,800 ಹೇಗೆ ಇರುತ್ತದೆ?

ಕೊಟ್ಟಾರದ ಆಲ್ಟೋ:
ಇಳಿದರೂ ಎಷ್ಟು ಇಳಿಯುತ್ತದೆ ಸ್ವಾಮಿ? ನನ್ನ ಹಣ, ನನಗೆ ಗೊತ್ತು.

ಮಣಿಪಾಲದ ಡಿಜೈರ್:
ಕಟ್ಟಿ ಮುಗಿಸಿ ಅಂತ ಎಲ್ಲರೂ ಹೇಳುತ್ತಾರೆ. ತಪ್ಪು ಮಾಡದೆ ಯಾಕೆ ಕಟ್ಟಬೇಕು? 2021ರ ಡಿಸೆಂಬರ್, ಉಡುಪಿ ಕರಾವಳಿ ಜಂಕ್ಷನ್. ಸಿಗ್ನಲಿನಲ್ಲಿ ನಾನು ನಿಂತೇ ಇದ್ದೆ. ಬೈಕಿನವನು ಮಲ್ಪೆ ಕಡೆಯಿಂದ ಬಂದು, ಮೀನಿನ ಲಾರಿ ಸುರಿಸಿದ ನೀರಲ್ಲಿ ಜಾರಿ ನನ್ನ ಬಾಗಿಲಿಗೇ ಬಡಿದ. ಮೊಣಕಾಲು ತರಚಿತು. ಕಾರು ದೊಡ್ಡದು, ಹಾಗಾಗಿ ಕೇಸು ನನ್ನ ಮೇಲೆ: ಐಪಿಸಿ 279, 337, ಅಂದರೆ ಅಜಾಗರೂಕ ಚಾಲನೆ, ಅದರಿಂದ ಗಾಯ.
ಕಾರು ಒಂಬತ್ತು ದಿನ ಸ್ಟೇಷನ್ ಅಂಗಳದಲ್ಲಿ. ಆರ್‌ಟಿಒ ಇನ್‌ಸ್ಪೆಕ್ಟರ್ ಬಂದು ಬ್ರೇಕ್ ನೋಡಿ ವರದಿ ಕೊಡದೆ ಬಿಡುವುದಿಲ್ಲ, ಅವರಿಗೆ ಪುರುಸೊತ್ತಿಲ್ಲ. ಬಿಡಿಸಿಕೊಂಡು ಬಂದರೆ ಸ್ಟಾರ್ಟೇ ಆಗಲಿಲ್ಲ. ಇಲಿ ವೈರ್ ತಿಂದಿತ್ತು, 4,300. ವಕೀಲರಿಗೆ 12,000. ಹನ್ನೊಂದು ವಾಯಿದೆ, ಪ್ರತಿ ಸಲ ಅರ್ಧ ದಿನ ರಜೆ. ಎರಡು ಸಲ ಸಾಕ್ಷಿ ಬಂದಿಲ್ಲ, ಒಂದು ಸಲ ಇಡೀ ಬೆಳಿಗ್ಗೆ ಕೂತು ಹೆಸರು ಕರೆಯುವ ಹೊತ್ತಿಗೆ ಊಟದ ಸಮಯ. ಆದರೆ ಕೊನೆಗೆ ಖುಲಾಸೆ. ಆ ಕಾಗದ ಇವತ್ತಿಗೂ ಕಪಾಟಿನಲ್ಲಿ ಉಂಟು.

ತೊಕ್ಕೊಟ್ಟಿನ ಬ್ರೆಝಾ, ಈಗ ಸೌದಿಯ ದಮಾಮ್:
ಊರಲ್ಲೇ ಕೂತು ಹನ್ನೊಂದು ವಾಯಿದೆ ಹೋಗಲು ಎಲ್ಲರಿಗೂ ಆಗುತ್ತದಾ? 2024ರ ಆಗಸ್ಟ್, 40 ದಿನದ ರಜೆ. ತೊಕ್ಕೊಟ್ಟು ಫ್ಲೈಓವರ್ ಕೆಳಗೆ ಸ್ಕೂಟರಿಗೆ ಮುಟ್ಟಿತು ಅಷ್ಟೇ. ಜುಲೈ 1ರಿಂದ ಐಪಿಸಿ ಬದಲು ಬಿಎನ್‌ಎಸ್ ಅಂತ ಹೊಸ ಕಾನೂನು ಬಂದಿತ್ತು, ಹಾಗಾಗಿ 279ರ ಬದಲು ಬಿಎನ್‌ಎಸ್ 281. ಪಾಸ್‌ಪೋರ್ಟ್ ಮುಗಿಯಲು ಬಂದಿತ್ತು, ರಿನ್ಯೂಗೆ ಹಾಕಿದ್ದೆ. ಪೊಲೀಸ್ ವೆರಿಫಿಕೇಶನ್‌ನಲ್ಲಿ ಕೇಸು ಬಾಕಿ ಅಂತ ಬಂತು. ಕ್ರಿಮಿನಲ್ ಕೇಸು ಬಾಕಿ ಇದ್ದರೆ ಕೋರ್ಟಿನ ಅನುಮತಿ ಬೇಕು. ಒಂದು ಸ್ಕೂಟರ್ ಇಂಡಿಕೇಟರಿಗೆ!
ಟಿಕೆಟ್ ತಾರೀಕು ಬದಲಿಸಲು 14,200. ಮೂರು ವಾರ ಸಂಬಳ ಇಲ್ಲ. ಕೊನೆಗೆ ವಕೀಲರೇ ಹೇಳಿದರು, ಒಪ್ಪಿಕೊಂಡು ಹೋಗು ಅಂತ. 281ಕ್ಕೆ ದಂಡ ಹೆಚ್ಚೆಂದರೆ 1,000. ಕಟ್ಟಿದೆ, ಹೋದೆ. ನನ್ನದು ತಪ್ಪಿತ್ತಾ? ಇರಲಿಲ್ಲ. ಒಪ್ಪಿದೆನಾ? ಒಪ್ಪಿದೆ.

ಮಣಿಪಾಲದ ಡಿಜೈರ್:
ನಿಮ್ಮಂಥವರು ಒಪ್ಪಿಕೊಂಡು ಹೋಗುವುದರಿಂದಲೇ ಸುಮ್ಮಸುಮ್ಮನೆ ಕೇಸು ಹಾಕುವುದು. ನಾಳೆ ಸ್ಕೂಟರಿನವನು ಪರಿಹಾರಕ್ಕೆ ಟ್ರಿಬ್ಯೂನಲ್‌ಗೆ ಹೋದರೆ ನಿಮ್ಮ ತಪ್ಪೊಪ್ಪಿಗೆಯನ್ನೇ ಅಲ್ಲಿ ತೋರಿಸುತ್ತಾನೆ.

ತೊಕ್ಕೊಟ್ಟಿನ ಬ್ರೆಝಾ:
ತೋರಿಸಲಿ, ಅದಕ್ಕೇ ಅಲ್ವಾ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಇರುವುದು? ನಿಮ್ಮ ಕಪಾಟಿನ ಕಾಗದಕ್ಕೆ 12,000, ನನ್ನ ಒಪ್ಪಿಗೆಗೆ 1,000. ಮಕ್ಕಳ ಫೀಸು ಕಟ್ಟಬೇಕಾದವನಿಗೆ ಹಠ ಬರುವುದಿಲ್ಲ.

ಪಡೀಲಿನ ಆಕ್ಟಿವಾ:
ತಾಗಿಸಿದವರೆಲ್ಲ ಮಾತಾಡಿದಿರಿ. ತಾಗಿಸಿಕೊಂಡವಳು ನಾನು. "ಮುಟ್ಟಿತು ಅಷ್ಟೇ" ಅಂತೆ.
2023ರ ನವೆಂಬರ್. ಪಡೀಲಿನಲ್ಲಿ ಕಾರೊಂದು ಹಿಂದಿನಿಂದ ತಾಗಿತು, ಬಿದ್ದೆ. ಚಂದದ ಮನುಷ್ಯ, ಎಬ್ಬಿಸಿದ, ನೀರು ಕೊಟ್ಟ, 2,000 ಕೈಗಿಟ್ಟ. ನನಗೂ ಆಫೀಸಿಗೆ ತಡವಾಗಿತ್ತು. ನಂಬರ್ ಬರೆದುಕೊಳ್ಳಲಿಲ್ಲ. ಸಂಜೆಗೆ ಮಣಿಕಟ್ಟು ಊದಿತು. ಎಕ್ಸ್‌ರೇ 450, ಏನೂ ಕಾಣಲಿಲ್ಲ. ನೋವು ಹೋಗಲೇ ಇಲ್ಲ. ಹತ್ತು ದಿನ ಬಿಟ್ಟು ಮತ್ತೊಂದು 450, ಆಮೇಲೆ ಎಂಆರ್‌ಐ 6,500. ಹೆಬ್ಬೆರಳಿನ ಬುಡದ ಸಣ್ಣ ಮೂಳೆಯಲ್ಲಿ ಬಿರುಕು. ಅದು ಮೊದಲ ಎಕ್ಸ್‌ರೇಯಲ್ಲಿ ಎಷ್ಟೋ ಸಲ ಕಾಣುವುದಿಲ್ಲವಂತೆ. ಪ್ಲಾಸ್ಟರ್, ಡಾಕ್ಟರ್ ಸೇರಿ 3,200. ಆರು ವಾರ ಸ್ಕೂಟರ್ ಇಲ್ಲ, ದಿನಕ್ಕೆ 160ರಂತೆ 36 ದಿನ ರಿಕ್ಷಾ, 5,760. ಫಿಸಿಯೋ 3,500. ಒಟ್ಟು 19,860. ಅದರಲ್ಲಿ ಆ ಚಂದದ ಮನುಷ್ಯನ ಎರಡು ಸಾವಿರ ಕಳೆಯಿರಿ.
ಟ್ರಿಬ್ಯೂನಲ್‌ಗೆ ಆರು ತಿಂಗಳೊಳಗೆ ಅರ್ಜಿ ಹಾಕಬೇಕು. ಯಾರ ಮೇಲೆ ಹಾಕಲಿ? ಬಿಳಿ ಕಾರಿನ ಮೇಲಾ? ಯಾರಿಗಾದರೂ ಗಾಯವಾದರೆ 24 ಗಂಟೆಯೊಳಗೆ ಪೊಲೀಸರಿಗೆ ತಿಳಿಸುವುದು ಡ್ರೈವರನ ಕೆಲಸ ಅಂತ ಕಾಯ್ದೆಯಲ್ಲೇ ಉಂಟು. ಯಾರು ಮಾಡುತ್ತಾರೆ? ಆಟೋದವರಿಗೆ ಕೊಟ್ಟು ಕಳಿಸಿದವರೇ, ಅವರ ಕುತ್ತಿಗೆ ಈಗ ಹೇಗಿದೆ ಅಂತ ಒಂದು ಫೋನ್ ಮಾಡಿದ್ದೀರಾ?

ಕೊಟ್ಟಾರದ ಆಲ್ಟೋ:
ಅಕ್ಕ, ಅವರ ಮೇಲೆ ಯಾಕೆ ಸಿಟ್ಟು? ಅವರು ಕೊಟ್ಟಾದರೂ ಕಳಿಸಿದರು. ನಿಜವಾದ ತೊಂದರೆ ಬಸ್ಸಿನವರದ್ದು. ಗುದ್ದಿದರೂ ಮೀಸೆಯ ಮೇಲೆ ಕೈ.

ಉಡುಪಿ ಮಂಗಳೂರು ಲೈನಿನ ಡ್ರೈವರ್:
ಬಂತು ನೋಡಿ, ಬಸ್ಸಿಗೇ ಬಂತು. ಹತ್ತೊಂಬತ್ತು ವರ್ಷ ಸ್ಟೇರಿಂಗ್ ಹಿಡಿದಿದ್ದೇನೆ. ನಮಗೆ ಟೈಮಿಂಗ್ ಉಂಟು. ಎರಡು ನಿಮಿಷ ತಡವಾದರೆ ಹಿಂದಿನ ಬಸ್ಸಿನವನು ಸ್ಟ್ಯಾಂಡಿನಲ್ಲಿ ಕಾಲರ್ ಹಿಡಿಯುತ್ತಾನೆ. ನಿಮಗೆ ದಂಡ ಅಂದರೆ ದುಡ್ಡು ಮಾತ್ರ. ನಮಗೆ ಲೈಸೆನ್ಸ್. ಮೋಟಾರು ಕಾಯ್ದೆಯ 184, ಅಂದರೆ ಅಪಾಯಕಾರಿ ಚಾಲನೆ ಅಂತ ಬರೆದರೆ ಲೈಸೆನ್ಸ್ ತೆಗೆದುಕೊಂಡು ಆರ್‌ಟಿಒಗೆ ಕಳಿಸಲು ಅವರಿಗೆ ಅಧಿಕಾರ ಉಂಟು, 2019ರ ತಿದ್ದುಪಡಿಯಿಂದ. ನನ್ನದು ಮೂರು ತಿಂಗಳು ಹೋಯಿತು. ಎಂತಕ್ಕೆ ಗೊತ್ತಾ? ಕಿನ್ನಿಮುಲ್ಕಿಯಲ್ಲಿ ಮುಂದಿದ್ದ ಕಾರಿನವನು ಇಂಡಿಕೇಟರ್ ಇಲ್ಲದೆ ತಿರುಗಿಸಿದ. ಅದೂ ಆಲ್ಟೋ! ಮೂರು ತಿಂಗಳು ಭಾವನ ಅಂಗಡಿಯಲ್ಲಿ ತೆಂಗಿನಕಾಯಿ ಸುಲಿದೆ.

ಕೊಟ್ಟಾರದ ಆಲ್ಟೋ:
ನನ್ನದಲ್ಲ ಅದು. ನಾನು ಕಿನ್ನಿಮುಲ್ಕಿಗೆ ಬರುವುದೇ ಇಲ್ಲ.

ಸುರತ್ಕಲ್‌ನ ನಿವೃತ್ತ ಗುಮಾಸ್ತ:
ಇಷ್ಟು ಬರೆದಿರಿ, ಒಬ್ಬರೂ ಒಂದು ಪ್ರಶ್ನೆ ಕೇಳಲಿಲ್ಲ. ಚೀಟಿಯಲ್ಲಿ ಯಾವ ಸೆಕ್ಷನ್ ಬರೆದಿದೆ? ಎಫ್‌ಐಆರ್ ನಂಬರ್ ಉಂಟಾ?

ಕದ್ರಿಯ ವ್ಯಾಗನ್‌ಆರ್:
ಮೋಟಾರು ಕಾಯ್ದೆ 184 ಮಾತ್ರ. 281 ಎಲ್ಲೂ ಇಲ್ಲ. ಎಫ್‌ಐಆರ್ ನಂಬರೂ ಇಲ್ಲ.

ಸುರತ್ಕಲ್‌ನ ನಿವೃತ್ತ ಗುಮಾಸ್ತ:
ಹಾಗಾದರೆ ಮೇಲೆ ಹೇಳಿದ ಪಾಸ್‌ಪೋರ್ಟು, ಇಲಿ, ಹನ್ನೊಂದು ವಾಯಿದೆ ಯಾವುದೂ ನಿಮಗಲ್ಲ. 184ಕ್ಕೆ ಕಾಯ್ದೆಯಲ್ಲಿ ಮೊದಲ ಸಲ 1,000ದಿಂದ 5,000. ದಂಡ ಕಟ್ಟಿ, ರಸೀದಿ ಜೋಪಾನ. ಮೂರು ವರ್ಷದೊಳಗೆ ಇನ್ನೊಂದು ಆದರೆ ದಂಡ 10,000 ಆಗುತ್ತದೆ, ಅದು ನೆನಪಿರಲಿ. ಲೈಸೆನ್ಸ್ ವಾಪಸ್ ಕೊಟ್ಟಿದ್ದಾರಾ?

ಕದ್ರಿಯ ವ್ಯಾಗನ್‌ಆರ್:
ಕೊಟ್ಟಿದ್ದಾರೆ. ಆಟೋದವರಿಗೂ ಈಗ ಫೋನ್ ಮಾಡಿದೆ. ಕುತ್ತಿಗೆ ಸರಿ ಉಂಟಂತೆ, ಲೈಟಿಗೆ 1,750 ಆಯಿತಂತೆ. ಉಳಿದ 250 ಕಳಿಸಿದೆ.

ಮಣಿಪಾಲದ ಡಿಜೈರ್:
ಮುಂದಿದ್ದವನು ಗಕ್ಕಂತ ನಿಂತದ್ದಕ್ಕೆ ನೀವು ಇನ್ನೂ 250 ಕಳಿಸಿದಿರಾ? ಅದಕ್ಕೇ ಹೇಳಿದ್ದು ಕೋರ್ಟಿಗೆ ಹೋಗಿ ಅಂತ.

ಪಡೀಲಿನ ಆಕ್ಟಿವಾ:
ನಿಮಗೆ ಕೋರ್ಟು ಬಿಟ್ಟರೆ ಬೇರೆ ಊರೇ ಇಲ್ಲ.

ಕೊಟ್ಟಾರದ ಆಲ್ಟೋ:
ಬೆಳ್ಮಣ್ಣಿನ ಐ20ಯವರೇ, ಐಡಿವಿ ಇಳಿಸಿ ಮತ್ತೆ ಲೆಕ್ಕ ಹಾಕಿದೆ. 5,900ದ ಹತ್ತಿರ ಬರುತ್ತದೆ. ಆದರೂ ನಷ್ಟವೇ.